ಇಂಟರ್‌ನೆಟ್ ಸ್ಲೋ ಅಂತ ಬೈಯುವ ಮೊದಲು

ಕಚೇರಿಯ ನೆಟ್‌ವರ್ಕ್ ಬಗ್ಗೆ ಏನಾದರೂ ಕೇಳಬೇಕಿದ್ದರೆ ಬರೆಯಿರಿ ಅಂತ ಹೋದ ಸಲ ಹೇಳಿದ್ದೆ. ಪತ್ರಗಳು ಬಂದವು. ಅರ್ಧಕ್ಕಿಂತ ಜಾಸ್ತಿ ಪತ್ರಗಳಲ್ಲಿ ಇದ್ದದ್ದು ಒಂದೇ ಮಾತು, "ಇಂಟರ್‌ನೆಟ್ ಸ್ಲೋ, ಏನು ಮಾಡೋಣ?" ಒಂದೊಂದೇ ಓದುತ್ತಾ ಹೋದರೆ ಆ ತೊಂದರೆಗಳಲ್ಲಿ ಬಹಳಷ್ಟಕ್ಕೂ ಇಂಟರ್‌ನೆಟ್‌ಗೂ ಸಂಬಂಧವೇ ಇಲ್ಲ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮದು ಹದಿನೈದು ಕಂಪ್ಯೂಟರ್ ಇರುವ ಲೆಕ್ಕಪತ್ರದ ಕಚೇರಿ. ಸರ್ವರ್‌ನಲ್ಲಿರುವ ದೊಡ್ಡ ಫೈಲ್ ತೆರೆಯಲು ಕೆಲವರಿಗೆ ಸುಮಾರು ಒಂದು ನಿಮಿಷ ಬೇಕು. ಇಂಟರ್‌ನೆಟ್ ಪ್ಲಾನನ್ನು 100ರಿಂದ 300 ಎಂಬಿಪಿಎಸ್‌ಗೆ ಏರಿಸಿದೆವು, ಏನೂ ವ್ಯತ್ಯಾಸ ಕಾಣಲಿಲ್ಲ. ಕಂಪನಿಯವರು ಮೋಸ ಮಾಡುತ್ತಿದ್ದಾರಾ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಸರ್ವರ್ ನಿಮ್ಮ ಕಚೇರಿಯೊಳಗೇ ಇದೆ ತಾನೇ? ಹಾಗಿದ್ದರೆ ಆ ಫೈಲ್ ನಿಮ್ಮ ಮೇಜಿಗೆ ಬರಲು ಇಂಟರ್‌ನೆಟ್ ಬೇಕಾಗಿಯೇ ಇಲ್ಲ. ಸರ್ವರ್‌ನಿಂದ ಸ್ವಿಚ್‌ಗೆ (ಕಚೇರಿಯ ಕೇಬಲ್‌ಗಳೆಲ್ಲಾ ಬಂದು ಸೇರುವ ಡಬ್ಬಿ), ಸ್ವಿಚ್‌ನಿಂದ ನಿಮ್ಮ ಕಂಪ್ಯೂಟರ್‌ಗೆ, ದಾರಿ ಅಷ್ಟೇ. ನಂಬಿಕೆ ಬರದಿದ್ದರೆ ಒಂದು ದಿನ ಕೆಲಸ ಮುಗಿದ ಮೇಲೆ ಹೊರಗಿನಿಂದ ಬರುವ ಇಂಟರ್‌ನೆಟ್ ಕೇಬಲ್ ಕಿತ್ತು ನೋಡಿ, ಫೈಲ್ ಆಗಲೂ ತೆರೆಯುತ್ತದೆ, ಅಷ್ಟೇ ನಿಧಾನವಾಗಿ ತೆರೆಯುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಸುಳಿವು ಕೊಟ್ಟ ಪದ "ಕೆಲವರಿಗೆ". ಎಲ್ಲರಿಗೂ ನಿಧಾನವಾಗಿದ್ದರೆ ಸರ್ವರ್ ಮೇಲೆ ಅನುಮಾನ ಪಡಬಹುದಿತ್ತು. ಕೆಲವರಿಗೆ ಮಾತ್ರ ಅಂದರೆ ಅವರ ಕೇಬಲ್ ನೋಡಬೇಕು. ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ ಸ್ಪೀಡ್ ಅಂತ ಒಂದು ಸಾಲು ಇರುತ್ತದೆ. ಚೆನ್ನಾಗಿರುವವರ ಕಂಪ್ಯೂಟರ್‌ನಲ್ಲಿ ಅಲ್ಲಿ 1000 ಅಂತ ಇದ್ದು, ಗೋಳಾಡುವವರ ಕಂಪ್ಯೂಟರ್‌ನಲ್ಲಿ 100 ಅಂತ ಇದ್ದರೆ ಕಳ್ಳ ಸಿಕ್ಕಿದ ಹಾಗೆ.

ಹೀಗೇಕೆ ಆಗುತ್ತದೆ ಗೊತ್ತಾ? ನೆಟ್‌ವರ್ಕ್ ಕೇಬಲ್ ಸುಲಿದು ನೋಡಿದರೆ ಒಳಗೆ ಎಂಟು ತಂತಿ, ಅಂದರೆ ಹೆಣೆದ ನಾಲ್ಕು ಜೋಡಿ ಇರುತ್ತವೆ. ಗಿಗಾಬಿಟ್, ಅಂದರೆ 1000 ಎಂಬಿಪಿಎಸ್ ವೇಗಕ್ಕೆ ನಾಲ್ಕೂ ಜೋಡಿ ಬೇಕು. 100 ಎಂಬಿಪಿಎಸ್‌ಗೆ ಎರಡೇ ಜೋಡಿ ಸಾಕು. ಕುರ್ಚಿಯ ಚಕ್ರ ಹತ್ತಿ ಒಂದು ತಂತಿ ತುಂಡಾದರೆ, ಅಥವಾ ತುದಿಯ ಪ್ಲಗ್ಗನ್ನು ಅವಸರದಲ್ಲಿ ಒತ್ತಿದ್ದರೆ, ಎಷ್ಟೋ ಸಲ ಸಂಪರ್ಕ ಪೂರ್ತಿ ಹೋಗುವುದಿಲ್ಲ. ಎರಡೂ ಕಡೆಯ ಯಂತ್ರಗಳು ಸುಮ್ನೆ ತಮ್ಮೊಳಗೆ ಮಾತಾಡಿಕೊಂಡು 100ಕ್ಕೆ ಇಳಿದುಬಿಡುತ್ತವೆ. ಯಾರಿಗೂ ಎಚ್ಚರಿಕೆ ಬರುವುದಿಲ್ಲ, ಕೆಲಸ ನಡೆಯುತ್ತಲೇ ಇರುತ್ತದೆ, ಆದರೆ ಹತ್ತು ಪಟ್ಟು ನಿಧಾನವಾಗಿ.

ಲೆಕ್ಕ ಹಾಕಿ. ಲೈನಿನ ವೇಗವನ್ನು ಮೆಗಾಬಿಟ್‌ನಲ್ಲಿ ಹೇಳುತ್ತಾರೆ, ಫೈಲಿನ ಗಾತ್ರವನ್ನು ಮೆಗಾಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಅಂದರೆ 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್. 500 ಮೆಗಾಬೈಟ್‌ನ ಫೈಲಿಗೆ 40 ಸೆಕೆಂಡ್ ಬೇಕು. ಗಿಗಾಬಿಟ್ ಆದರೆ ನಾಲ್ಕೇ ಸೆಕೆಂಡ್. ನಿಮ್ಮ "ಸುಮಾರು ಒಂದು ನಿಮಿಷ" ಇಲ್ಲಿಂದಲೇ ಬಂದಿರಬಹುದು.

ಕೇಬಲ್ ಬದಲಾಯಿಸಿದರೂ 100 ಅಂತಲೇ ತೋರಿಸಿದರೆ ಮೇಜಿನ ಕೆಳಗೆ ಬಗ್ಗಿ ನೋಡಿ. ಯಾವ ಕಾಲದಲ್ಲೋ ಯಾರೋ ತಂದಿಟ್ಟ ಐದು ತೂತಿನ ಪುಟ್ಟ ಹಳೇ ಸ್ವಿಚ್ ಒಂದು ಅಲ್ಲಿ ಧೂಳು ತಿನ್ನುತ್ತಾ ಕೂತಿರುತ್ತದೆ. ಅದು 100ರದ್ದೇ ಆಗಿದ್ದರೆ ಅದರ ಹಿಂದೆ ಇರುವವರೆಲ್ಲರಿಗೂ ಅಷ್ಟೇ ಗತಿ.

ಹೊಸ ಕೇಬಲ್ ಕೊಳ್ಳುವಾಗ ಒಂದು ಮಾತು. ಗಿಗಾಬಿಟ್‌ಗೆ ಕ್ಯಾಟ್ 5ಇ ದರ್ಜೆಯ ಕೇಬಲ್ ಸಾಕು, ಗೋಡೆಯೊಳಗೆ ಹೊಸದಾಗಿ ಎಳೆಸುವುದಾದರೆ ಕ್ಯಾಟ್ 6 ಅಥವಾ 6ಎ ಹಾಕಿಸಿ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್ ಮಾರುಕಟ್ಟೆಯಲ್ಲಿ ತುಂಬಾ ಇದೆ, ಅದನ್ನು ಮಾತ್ರ ಹತ್ತಿರ ಸೇರಿಸಬೇಡಿ. ಬ್ಲೇಡಿನಿಂದ ತಂತಿಯನ್ನು ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಬಗ್ಗಿಸಿದರೆ ಬೇಗ ಮುರಿಯುತ್ತದೆ, ಕ್ಯಾಮೆರಾಗೆ ಅದರ ಮೂಲಕವೇ ಕರೆಂಟ್ ಕೊಟ್ಟರೆ ತಾಮ್ರಕ್ಕಿಂತ ಜಾಸ್ತಿ ಬಿಸಿಯಾಗುತ್ತದೆ.

ಪ್ರಶ್ನೆ: ಮೋಡೆಮ್, ರೌಟರ್, ಸ್ವಿಚ್, ಆಕ್ಸೆಸ್ ಪಾಯಿಂಟ್. ಎಲ್ಲಾ ಒಂದೇ ಥರ ಕಾಣುತ್ತವೆ. ಯಾವುದು ಏನು ಮಾಡುತ್ತದೆ?

ಮನೆಯಲ್ಲಿ ನಾಲ್ಕೂ ಒಂದೇ ಡಬ್ಬಿಯಲ್ಲಿ ಬರುತ್ತವೆ, ಗೊಂದಲ ಶುರುವಾಗುವುದೇ ಅಲ್ಲಿಂದ. ಮೋಡೆಮ್ ಹೊರಗಿನ ಲೈನಿನ ಸಿಗ್ನಲ್ಲನ್ನು ನಿಮ್ಮ ಯಂತ್ರಗಳಿಗೆ ಅರ್ಥವಾಗುವ ಹಾಗೆ ಮಾಡುತ್ತದೆ, ಫೈಬರ್ ಲೈನ್ ಆದರೆ ಆ ಕೆಲಸ ಮಾಡುವ ಡಬ್ಬಿಗೆ ಒಎನ್‌ಟಿ ಅನ್ನುತ್ತಾರೆ. ರೌಟರ್ ನಿಮ್ಮ ಕಚೇರಿಗೂ ಹೊರಜಗತ್ತಿಗೂ ನಡುವಿನ ಬಾಗಿಲು. ಸ್ವಿಚ್ ಒಳಗಿನ ಯಂತ್ರಗಳನ್ನು ಒಂದಕ್ಕೊಂದು ಸೇರಿಸುತ್ತದೆ, ಯಾವ ತೂತಿನಲ್ಲಿ ಯಾವ ಯಂತ್ರ ಇದೆ ಅಂತ ಕಲಿತುಕೊಂಡು ಅದಕ್ಕೆ ಬೇಕಾದ್ದನ್ನು ಅದಕ್ಕೇ ತಲುಪಿಸುತ್ತದೆ. ಆಕ್ಸೆಸ್ ಪಾಯಿಂಟ್ ಅಂದರೆ ಕೇಬಲ್‌ನಲ್ಲಿ ಬಂದದ್ದನ್ನು ವೈಫೈ ಮಾಡುವುದು, ಅಷ್ಟೇ.

ಐದಾರು ಜನರ ಕಚೇರಿಗೆ ಎಲ್ಲಾ ಸೇರಿದ ಒಂದು ಡಬ್ಬಿ ನಡೆಯುತ್ತದೆ. ಅದಕ್ಕಿಂತ ದೊಡ್ಡದಾದರೆ ಬೇರೆ ಬೇರೆ ತೆಗೆದುಕೊಳ್ಳಿ. ಒಂದು ಕೆಟ್ಟಾಗ ಎಲ್ಲವೂ ನಿಲ್ಲುವುದಿಲ್ಲ, ಮುಖ್ಯವಾಗಿ ಯಾವುದು ಕೆಟ್ಟಿದೆ ಅಂತ ಗೊತ್ತಾಗುತ್ತದೆ.

ಪ್ರಶ್ನೆ: ವೈಫೈ ಕಡ್ಡಿ ಪೂರ್ತಿ ತೋರಿಸುತ್ತದೆ, ಆದರೂ ವಿಡಿಯೋ ಮೀಟಿಂಗ್ ತುಂಡು ತುಂಡಾಗುತ್ತದೆ. ಇನ್ನೂ ಪವರ್‌ಫುಲ್ ರೌಟರ್ ತರಬೇಕಾ?

ಬೇಡ, ಹಾಳಾಗೋದು ನಿಮ್ಮ ದುಡ್ಡೇ.

ಆ ಕಡ್ಡಿಗಳು ಹೇಳುವುದು ಆಕ್ಸೆಸ್ ಪಾಯಿಂಟಿನ ಧ್ವನಿ ನಿಮಗೆ ಎಷ್ಟು ಜೋರಾಗಿ ಕೇಳಿಸುತ್ತಿದೆ ಅಂತ ಮಾತ್ರ. ಆ ಗಾಳಿಯಲ್ಲಿ ಇನ್ನೂ ಎಷ್ಟು ಜನ ಮಾತಾಡುತ್ತಿದ್ದಾರೆ ಅಂತ ಹೇಳುವುದಿಲ್ಲ. ವೈಫೈ ಚಾನೆಲ್ ಅಂದರೆ ಒಂದೇ ಮೈಕ್ ಇರುವ ಸಭೆ ಇದ್ದ ಹಾಗೆ, ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು. ವೈಫೈ 6 ಬಂದ ಮೇಲೆ ಇದು ಸ್ವಲ್ಪ ಸುಧಾರಿಸಿದೆ, ಆದರೂ ಗಾಳಿ ಎಲ್ಲರದ್ದೂ ಒಂದೇ. ಅದರಲ್ಲೂ ದೂರದ ಮೂಲೆಯಲ್ಲಿ ಕೂತ ಒಂದು ಹಳೇ ಲ್ಯಾಪ್‌ಟಾಪ್ ತೊದಲುತ್ತಾ ಮೈಕ್ ಹಿಡಿದುಕೊಂಡರೆ ಹತ್ತಿರದಲ್ಲಿರುವ ಹೊಸ ಫೋನ್‌ಗಳೂ ಕಾಯುತ್ತಾ ನಿಲ್ಲುತ್ತವೆ. ಪಕ್ಕದ ಕಚೇರಿಯ ವೈಫೈ ಅದೇ ಚಾನೆಲ್‌ನಲ್ಲಿದ್ದರೆ ಅವರ ಸರದಿಗೂ ನೀವೇ ಕಾಯಬೇಕು.

2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಇರುವುದು ಮೂರೇ, 1, 6 ಮತ್ತು 11. ಬ್ಲೂಟೂತ್, ಮೈಕ್ರೋವೇವ್ ಓವನ್, ಎಲ್ಲದರ ಗದ್ದಲವೂ ಅಲ್ಲೇ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಜಾಸ್ತಿ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ಕಚೇರಿಗೆ ಒಂದು ರೀತಿಯಲ್ಲಿ ಅದೇ ಒಳ್ಳೆಯದು, ಪಕ್ಕದವರ ಗದ್ದಲವೂ ಗೋಡೆ ದಾಟಿ ಬರುವುದಿಲ್ಲ ಅಲ್ವಾ?

ರೌಟರ್ ಎಷ್ಟೇ ಜೋರಾಗಿ ಕೂಗಿದರೂ ಉತ್ತರ ಕೊಡಬೇಕಾದ್ದು ನಿಮ್ಮ ಫೋನು. ಅದರ ಧ್ವನಿ ಸಣ್ಣದು. ಆದ್ದರಿಂದ ಮಧ್ಯದಲ್ಲಿ ಒಂದು ರಾಕ್ಷಸನನ್ನು ಕೂರಿಸುವ ಬದಲು ಎರಡು ಮೂರು ಸಾಧಾರಣ ಆಕ್ಸೆಸ್ ಪಾಯಿಂಟ್‌ಗಳನ್ನು ಜನ ಕೂರುವ ಕಡೆ, ಚಾವಣಿಗೆ, ಒಂದೊಂದಕ್ಕೂ ಕೇಬಲ್ ಎಳೆದು ಹಾಕಿಸಿ. ಸ್ವಿಚ್‌ಗೆ ಪಿಒಇ ಇದ್ದರೆ ಅದೇ ಕೇಬಲ್‌ನಲ್ಲಿ ಕರೆಂಟೂ ಹೋಗುತ್ತದೆ. ಗೋಡೆಗೆ ಚುಚ್ಚುವ ಎಕ್ಸ್‌ಟೆಂಡರ್‌ಗಳು ಕೇಳಿದ್ದನ್ನೇ ಇನ್ನೊಮ್ಮೆ ಹೇಳಬೇಕಾದ್ದರಿಂದ ಸಾಮಾನ್ಯವಾಗಿ ವೇಗ ಅರ್ಧಕ್ಕೆ ಬೀಳುತ್ತದೆ.

ಇದೆಲ್ಲಾ ಮಾಡುವ ಮೊದಲು ಇನ್ನೊಂದು ಸುಲಭದ ಕೆಲಸ ಇದೆ. ಜಾಗ ಬಿಟ್ಟು ಕದಲದ ಎಲ್ಲದಕ್ಕೂ ಕೇಬಲ್ ಹಾಕಿ, ಮೇಜಿನ ಕಂಪ್ಯೂಟರ್, ಪ್ರಿಂಟರ್, ಮೀಟಿಂಗ್ ಕೋಣೆಯ ಟಿವಿ, ಹೀಗೆ. ವೈಫೈಯನ್ನು ಓಡಾಡುವ ವಸ್ತುಗಳಿಗೆ ಬಿಟ್ಟುಕೊಡಿ. ಮೈಕ್‌ಗೆ ಕಾಯುವವರ ಸಾಲು ತಾನಾಗಿಯೇ ಚಿಕ್ಕದಾಗುತ್ತದೆ.

ಪ್ರಶ್ನೆ: ಪ್ರಿಂಟರ್ ಕೆಲವು ವಾರಕ್ಕೊಮ್ಮೆ "ಆಫ್‌ಲೈನ್" ಅನ್ನುತ್ತದೆ. ತೆಗೆದು ಮತ್ತೆ ಸೇರಿಸಿದರೆ ಸರಿಹೋಗುತ್ತದೆ. ಪ್ರಿಂಟರ್ ಹಾಳಾಗಿದೆಯಾ?

ಪ್ರಿಂಟರ್ ಚೆನ್ನಾಗಿಯೇ ಇದೆ, ಮನೆ ಬದಲಾಯಿಸಿದೆ ಅಷ್ಟೇ. ನೆಟ್‌ವರ್ಕ್‌ನಲ್ಲಿರುವ ಪ್ರತಿಯೊಂದಕ್ಕೂ 192.168.1.50 ಥರ ಒಂದು ಐಪಿ ವಿಳಾಸ ಇರುತ್ತದೆ. ಅದನ್ನು ಹಂಚುವ ಕೆಲಸ ರೌಟರ್‌ನೊಳಗಿನ ಡಿಎಚ್‌ಸಿಪಿಯದ್ದು, ಮತ್ತು ಅದು ಕೊಡುವುದು ಬಾಡಿಗೆಗೆ. ಕರೆಂಟ್ ಹೋಗಿ ಬಂದಾಗಲೋ ಬಾಡಿಗೆಯ ಅವಧಿ ಮುಗಿದಾಗಲೋ ಪ್ರಿಂಟರ್‌ಗೆ ಬೇರೆ ವಿಳಾಸ ಸಿಗಬಹುದು. ನಿಮ್ಮ ಕಂಪ್ಯೂಟರ್ ಮಾತ್ರ ಹಳೇ ಮನೆಯ ಬಾಗಿಲನ್ನೇ ಬಡಿಯುತ್ತಾ ನಿಂತಿರುತ್ತದೆ.

ರೌಟರ್ ಸೆಟ್ಟಿಂಗ್ಸ್‌ನಲ್ಲಿ ರಿಸರ್ವೇಶನ್ ಅಂತ ಇರುತ್ತದೆ. ಪ್ರಿಂಟರ್‌ನ ಮ್ಯಾಕ್ ವಿಳಾಸವನ್ನು (ಕಾರ್ಖಾನೆಯಲ್ಲೇ ಕೊಟ್ಟ ಗುರುತಿನ ಸಂಖ್ಯೆ) ಅಲ್ಲಿ ಬರೆದು ಇದಕ್ಕೆ ಯಾವಾಗಲೂ ಇದೇ ಐಪಿ ಅಂತ ಹೇಳಿಬಿಡಿ. ಪ್ರಿಂಟರ್‌ನಲ್ಲೇ ಕೈಯಿಂದ ವಿಳಾಸ ಬರೆಯುವ ಅಭ್ಯಾಸ ಕೆಲವರಿಗೆ ಇದೆ. ಹಾಗೆ ಮಾಡುವುದಾದರೆ ಡಿಎಚ್‌ಸಿಪಿ ಹಂಚುವ ಸಂಖ್ಯೆಗಳ ಆಚೆಗಿನದನ್ನು ಆರಿಸಿ, ಇಲ್ಲದಿದ್ದರೆ ಒಂದು ದಿನ ಅದೇ ವಿಳಾಸ ಯಾರದೋ ಫೋನಿಗೂ ಹೋಗಿ ಇಬ್ಬರೂ ಒಂದೇ ಬಾಗಿಲಿಗೆ ಬೀಗ ಹುಡುಕುತ್ತಿರುತ್ತಾರೆ. ಯಾವುದಾದರೂ ಕಂಪ್ಯೂಟರ್‌ನಲ್ಲಿ 169.254 ಅಂತ ಶುರುವಾಗುವ ವಿಳಾಸ ಕಂಡರೆ, ಅದಕ್ಕೆ ಡಿಎಚ್‌ಸಿಪಿ ಸಿಗಲೇ ಇಲ್ಲ, ತನಗೆ ತಾನೇ ಒಂದು ಕೊಟ್ಟುಕೊಂಡಿದೆ ಅಂತ ಅರ್ಥ. ಆಗ ಕೇಬಲ್ ಅಥವಾ ರೌಟರ್ ಕಡೆ ನೋಡಿ.

ಪ್ರಶ್ನೆ: ಒಂದು ಬೆಳಿಗ್ಗೆ ಇಡೀ ಕಚೇರಿಯ ನೆಟ್‌ವರ್ಕ್ ನಿಂತಿತು. ಸ್ವಿಚ್‌ನ ದೀಪಗಳೆಲ್ಲಾ ಒಟ್ಟಿಗೆ ಹುಚ್ಚು ಹಿಡಿದ ಹಾಗೆ ಮಿನುಗುತ್ತಿದ್ದವು. ಮಧ್ಯಾಹ್ನ ತಾನಾಗಿಯೇ ಸರಿಹೋಯಿತು. ವೈರಸ್ಸಾ?

ತಾನಾಗಿಯೇ ಸರಿಹೋಗಿಲ್ಲ, ಯಾರೋ ಕೇಬಲ್ ಕಿತ್ತಿದ್ದಾರೆ. ನನಗೂ ಇದು ಆಗಿದೆ, ಅದಕ್ಕೇ ಇಷ್ಟು ಧೈರ್ಯದಿಂದ ಹೇಳುತ್ತಿದ್ದೇನೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಒಂದು ದಿನ ನೆಲ ಒರೆಸುವಾಗ ಕೆಳಗೆ ಬಿದ್ದಿದ್ದ ಕೇಬಲ್ ತುದಿಯನ್ನು ಯಾರೋ ಪಾಪ ಒಳ್ಳೆಯ ಮನಸ್ಸಿನಿಂದಲೇ ಗೋಡೆಯ ಖಾಲಿ ತೂತಿಗೆ ಸಿಕ್ಕಿಸಿದ್ದರು. ಅದರ ಇನ್ನೊಂದು ತುದಿ ಆಗಲೇ ಅದೇ ಸ್ವಿಚ್‌ನಲ್ಲಿತ್ತು. ನಾವು ನಾಲ್ಕು ಜನ ಸೇರಿ ಮೂರು ಗಂಟೆ ಸರ್ವರ್ ಬಿಚ್ಚಿ, ಕಟ್ಟಿ, ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡಿ ಬೈದು ಮುಗಿಸಿದ ಮೇಲೆ ಗೋಡೆಯ ಕಡೆ ನೋಡಿದ್ದು.

ಇದಕ್ಕೆ ಲೂಪ್ ಅನ್ನುತ್ತಾರೆ. ಡಿಎಚ್‌ಸಿಪಿ ಎಲ್ಲಿದ್ದೀಯಪ್ಪಾ ಅಂತ ಒಂದು ಕಂಪ್ಯೂಟರ್ ಎಲ್ಲರನ್ನೂ ಕೇಳುತ್ತದೆ. ಸ್ವಿಚ್ ಆ ಕೂಗನ್ನು ಎಲ್ಲಾ ತೂತಿಗೂ ಕಳಿಸುತ್ತದೆ, ಅದು ಸುತ್ತಿಕೊಂಡು ಮತ್ತೆ ಅದೇ ಸ್ವಿಚ್‌ಗೆ ಬರುತ್ತದೆ, ಮತ್ತೆ ಎಲ್ಲರಿಗೂ ಹೋಗುತ್ತದೆ. ಇಂಟರ್‌ನೆಟ್‌ನಲ್ಲಿ ಓಡಾಡುವ ಪ್ಯಾಕೆಟ್‌ಗೆ, ಅಂದರೆ ಮಾಹಿತಿಯ ಪೊಟ್ಟಣಕ್ಕೆ, ಇಷ್ಟು ರೌಟರ್ ದಾಟಿದ ಮೇಲೆ ಸಾಯಬೇಕು ಅಂತ ಆಯುಷ್ಯ ಇದೆ, ಕಚೇರಿಯೊಳಗಿನ ಕೇಬಲ್‌ನಲ್ಲಿ ಓಡಾಡುವ ಈಥರ್‌ನೆಟ್ ಫ್ರೇಮ್ ಎಂಬ ಪೊಟ್ಟಣಕ್ಕೆ ಆ ಆಯುಷ್ಯವೇ ಇಲ್ಲ. ಯಾರಾದರೂ ಕೇಬಲ್ ಕೀಳುವವರೆಗೆ ಸುತ್ತುತ್ತಲೇ ಇರುತ್ತದೆ, ಸೆಕೆಂಡುಗಳಲ್ಲಿ ಇಡೀ ನೆಟ್‌ವರ್ಕ್ ತುಂಬಿಹೋಗುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಇದಕ್ಕೆ ಮದ್ದು 1985ರಲ್ಲೇ ಸಿಕ್ಕಿದೆ. ರೇಡಿಯಾ ಪರ್ಲ್‌ಮನ್ ಎಂಬ ಎಂಜಿನಿಯರ್ ಸ್ಪ್ಯಾನಿಂಗ್ ಟ್ರೀ ಅನ್ನುವ ವಿಧಾನ ಕಂಡುಹಿಡಿದರು. ಸ್ವಿಚ್‌ಗಳು ತಮ್ಮೊಳಗೆ ಸಂದೇಶ ಕಳಿಸಿಕೊಂಡು ಎಲ್ಲಿ ಸುತ್ತು ಇದೆ ಅಂತ ಪತ್ತೆ ಮಾಡಿ ಒಂದು ದಾರಿ ಮುಚ್ಚುತ್ತವೆ. ಆದರೆ ಸೆಟ್ಟಿಂಗ್ಸೇ ಇಲ್ಲದ ಅಗ್ಗದ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ. ಮುಂದಿನ ಸಲ ಸ್ವಿಚ್ ಕೊಳ್ಳುವಾಗ ಮ್ಯಾನೇಜ್ಡ್ ಸ್ವಿಚ್, ಅಂದರೆ ಸೆಟ್ಟಿಂಗ್ಸ್ ಇರುವುದನ್ನು, ತೆಗೆದುಕೊಳ್ಳಿ, ಸ್ಪ್ಯಾನಿಂಗ್ ಟ್ರೀ ಆನ್ ಇದೆಯಾ ನೋಡಿ.

ಪ್ರಶ್ನೆ: ಬಂದ ಗ್ರಾಹಕರಿಗೆಲ್ಲಾ ಕಚೇರಿಯ ವೈಫೈ ಪಾಸ್‌ವರ್ಡೇ ಕೊಡುತ್ತೇವೆ. ಸಿಸಿ ಕ್ಯಾಮೆರಾಗಳೂ ಅದರಲ್ಲೇ ಇವೆ. ಪರವಾಗಿಲ್ಲ ತಾನೇ?

ಪರವಾಗಿದೆ. ಈಗ ನಿಮ್ಮಲ್ಲಿ ವೈಫೈ ಕೇಳಿದವರು ಲೆಕ್ಕದ ಕಂಪ್ಯೂಟರ್ ಇರುವ ಕೋಣೆಗೇ ಬಂದು ಕೂರುತ್ತಿದ್ದಾರೆ. ಅವರು ಒಳ್ಳೆಯವರೇ ಇರಬಹುದು, ಅವರ ಫೋನಿನಲ್ಲಿ ಏನಿದೆ ಅಂತ ಅವರಿಗೇ ಗೊತ್ತಿರುವುದಿಲ್ಲ.

ವಿಲ್ಯಾನ್ ಅಂತ ಒಂದು ಏರ್ಪಾಡು ಇದೆ. ಒಂದೇ ಸ್ವಿಚ್, ಒಂದೇ ಕೇಬಲ್ ಇಟ್ಟುಕೊಂಡು ಒಳಗೆ ಗೋಡೆ ಕಟ್ಟಿದ ಹಾಗೆ ಬೇರೆ ಬೇರೆ ನೆಟ್‌ವರ್ಕ್ ಮಾಡುವುದು. ಸಿಬ್ಬಂದಿಗೆ ಒಂದು, ಅತಿಥಿಗಳಿಗೆ ಒಂದು, ಕ್ಯಾಮೆರಾಗಳಿಗೆ ಒಂದು. ಅತಿಥಿಗಳಿಗೆ ಇಂಟರ್‌ನೆಟ್ ಮಾತ್ರ. ಕ್ಯಾಮೆರಾಗಳಿಗೆ ರೆಕಾರ್ಡರ್ ಮಾತ್ರ, ಹೊರಗೆ ಹೋಗುವ ದಾರಿಯೇ ಬೇಡ. ಇದು ಅತಿಯಾಯಿತು ಅನ್ನಿಸಿದರೆ 2016ರ ಮಿರಾಯ್ ಎಂಬ ದುಷ್ಟ ತಂತ್ರಾಂಶವನ್ನು ನೆನಪಿಸಿಕೊಳ್ಳಿ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಬದಲಾಯಿಸದ ಕ್ಯಾಮೆರಾ, ರೆಕಾರ್ಡರ್, ರೌಟರ್‌ಗಳನ್ನೇ ಹುಡುಕಿ ಹಿಡಿದು ಸೈನ್ಯ ಕಟ್ಟಿ, ಆ ಅಕ್ಟೋಬರ್‌ನಲ್ಲಿ ಡಿನ್ ಎಂಬ ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕಿಕೊಡುವ) ಕಂಪನಿಯ ಮೇಲೆ ದಾಳಿ ಮಾಡಿತು. ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಎಷ್ಟೋ ಜನಕ್ಕೆ ಗಂಟೆಗಟ್ಟಲೆ ಸಿಗಲಿಲ್ಲ.

ಮ್ಯಾನೇಜ್ಡ್ ಸ್ವಿಚ್ ಇಲ್ಲದಿದ್ದರೂ ಇವತ್ತಿನ ಬಹುತೇಕ ರೌಟರ್‌ಗಳಲ್ಲಿ ಗೆಸ್ಟ್ ವೈಫೈ ಅನ್ನುವ ಗುಂಡಿ ಇದೆ. ಇವತ್ತೇ ಆನ್ ಮಾಡಿ, ಹಳೇ ಪಾಸ್‌ವರ್ಡ್ ಬದಲಾಯಿಸಿ.

ಪ್ರಶ್ನೆ: ಮನೆಯಿಂದ ಕಚೇರಿಯ ಕಂಪ್ಯೂಟರ್ ನೋಡಲು ಟೆಕ್ನಿಷಿಯನ್ ಒಂದು ಪೋರ್ಟ್ ತೆರೆದುಕೊಟ್ಟಿದ್ದಾರೆ. ನಂಬರ್ ಬದಲಾಯಿಸಿದ್ದೇವೆ, ಯಾರಿಗೂ ಗೊತ್ತಾಗಲ್ಲ ಅಂದರು. ಸೇಫಾ?

ಇಲ್ಲ. ಇದನ್ನು ಓದಿ ಮುಗಿಸಿದ ತಕ್ಷಣ ಮುಚ್ಚಿಸಿ.

ಪೋರ್ಟ್ ಅಂದರೆ ನೆಟ್‌ವರ್ಕ್‌ಗೆ ನಂಬರು ಹಾಕಿದ ಬಾಗಿಲು ಇದ್ದ ಹಾಗೆ. ಕಂಪ್ಯೂಟರನ್ನು ದೂರದಿಂದ ನಡೆಸಲು ಬಿಡುವ ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಇರುವುದು 3389ನೇ ಪೋರ್ಟಿನಲ್ಲಿ. ಅದನ್ನು ಬೇರೆ ನಂಬರಿಗೆ ಸರಿಸುವುದು ಕೀಲಿಕೈಯನ್ನು ಕಾಲೊರೆಸುವ ಚಾಪೆಯ ಕೆಳಗಿಂದ ತೆಗೆದು ಹೂಕುಂಡದ ಕೆಳಗಿಟ್ಟ ಹಾಗೆ. ಗಿಗಾಬಿಟ್ ಲೈನ್ ಇದ್ದರೆ ಇಡೀ ಐಪಿವಿ4 (ನಾಲ್ಕು ಸಂಖ್ಯೆಯ ಹಳೇ ಮಾದರಿ ಐಪಿ ವಿಳಾಸಗಳ) ಇಂಟರ್‌ನೆಟ್‌ನಲ್ಲಿ ಒಂದು ಪೋರ್ಟ್ ಎಲ್ಲೆಲ್ಲಿ ತೆರೆದಿದೆ ಅಂತ ಒಂದು ಗಂಟೆಯೊಳಗೆ ಜಾಲಾಡುವ ಝಡ್‌ಮ್ಯಾಪ್ ಎಂಬ ಸಾಧನ 2013ರಲ್ಲೇ ಬಂದಿದೆ. ನಿಮ್ಮನ್ನು ಯಾರೂ ಹುಡುಕಿಕೊಂಡು ಬರಬೇಕಾಗಿಲ್ಲ, ಯಂತ್ರಗಳು ಹಗಲೂ ರಾತ್ರಿ ಎಲ್ಲರ ಬಾಗಿಲನ್ನೂ ತಳ್ಳಿ ನೋಡುತ್ತಿರುತ್ತವೆ.

ವಿಪಿಎನ್ ಹಾಕಿಸಿ, ಅಂದರೆ ಮನೆಯಿಂದ ಕಚೇರಿಗೆ ಹೊರಗಿನವರು ನೋಡಲಾಗದ ಒಂದು ಸುರಂಗ. ವೈರ್‌ಗಾರ್ಡ್, ಓಪನ್‌ವಿಪಿಎನ್ ಎರಡೂ ಉಚಿತ, ಎಷ್ಟೋ ರೌಟರ್‌ಗಳಲ್ಲಿ ಒಳಗೇ ಇರುತ್ತವೆ. ಮೊದಲು ವಿಪಿಎನ್‌ನಿಂದ ಕಚೇರಿಯೊಳಗೆ ಬರಬೇಕು, ಆಮೇಲೆ ಕಂಪ್ಯೂಟರ್. ಅದರ ಜೊತೆಗೆ ಅಪ್‌ಡೇಟ್. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಬಂದು ಸುಮಾರು 150 ದೇಶಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿತಲ್ಲ, ಅದು ನುಗ್ಗಿದ ತೂತನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಮುಚ್ಚಿತ್ತು. ಎರಡು ತಿಂಗಳು ಅಪ್‌ಡೇಟ್ ಹಾಕದವರು ಆಮೇಲೆ ಓಡಾಡಿದರು, ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಬ್ಯಾಕಪ್‌ನ ಒಂದು ಪ್ರತಿಯಾದರೂ ನೆಟ್‌ವರ್ಕ್‌ಗೆ ಅಂಟಿಕೊಳ್ಳದೆ ಬೇರೆ ಇರಲಿ. ಸರ್ವರ್‌ಗೆ ಸದಾ ಚುಚ್ಚಿಕೊಂಡೇ ಇರುವ ಡಿಸ್ಕ್‌ಗೂ ಬೀಗ ಬೀಳುತ್ತದೆ.

ಪ್ರಶ್ನೆ: ಗೋದಾಮು ಕಚೇರಿಯಿಂದ 150 ಮೀಟರ್ ದೂರ ಇದೆ. ಕೇಬಲ್ ಎಳೆಯಬಹುದಾ?

ತಾಮ್ರದ ಕೇಬಲ್‌ಗೆ ಮಿತಿ 100 ಮೀಟರ್, ಎರಡೂ ತುದಿಯ ತುಂಡು ಕೇಬಲ್ (ಪ್ಯಾಚ್ ಕೇಬಲ್) ಸೇರಿಸಿ. ದೂರ ಕಡಿಮೆ ಇದ್ದಿದ್ದರೂ ಎರಡು ಕಟ್ಟಡಗಳ ನಡುವೆ ತಾಮ್ರ ಬೇಡ ಅಂತಲೇ ಹೇಳುತ್ತಿದ್ದೆ. ಹತ್ತಿರದಲ್ಲಿ ಸಿಡಿಲು ಬಡಿದರೆ ಆ ಕೇಬಲ್ ಹಿಡಿದುಕೊಂಡು ಎರಡೂ ಕಡೆಯ ಸ್ವಿಚ್‌ಗಳು ಸುಟ್ಟುಹೋಗಬಹುದು. ಫೈಬರ್ ಎಳೆಸಿ, ಲೋಹದ ಕವಚ ಇಲ್ಲದ್ದು. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ದೂರಕ್ಕೆಂದೇ ಇರುವ ಸಿಂಗಲ್ ಮೋಡ್ ಫೈಬರ್ ಹಾಕಿಸಿದರೆ 150 ಮೀಟರ್ ಏನು, ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ಹೇಗೂ ನೆಲ ಅಗೆಯುತ್ತೀರಿ, ಎರಡರ ಬದಲು ಆರು ಎಳೆ ಇರುವುದನ್ನೇ ಹಾಕಿಸಿಬಿಡಿ, ದುಬಾರಿ ಆಗುವುದು ಅಗೆತ. ಅಗೆಯಲು ಆಗದಿದ್ದರೆ, ಮಧ್ಯೆ ಮರ ಗೋಡೆ ಏನೂ ಅಡ್ಡ ಇಲ್ಲದಿದ್ದರೆ, ಎರಡು ಮಾಡಿನ ಮೇಲೆ ಎದುರುಬದುರು ವೈರ್‌ಲೆಸ್ ಬ್ರಿಡ್ಜ್ ಕೂರಿಸಬಹುದು.

ಪ್ರಶ್ನೆ: ಎರಡು ಕಂಪನಿಗಳ ಇಂಟರ್‌ನೆಟ್ ಇಟ್ಟುಕೊಂಡಿದ್ದೇವೆ, ಆದರೂ ಹೋದ ತಿಂಗಳು ಎರಡೂ ಒಟ್ಟಿಗೆ ಹೋದವು. ಹೇಗೆ?

ಎರಡೂ ಒಂದೇ ಕಂಬದ ಮೇಲೆ ಬಂದಿರಬೇಕು. ಬಿಲ್ ಬೇರೆ, ದಾರಿ ಒಂದೇ. ಎರಡನೆಯದನ್ನು ಮೊಬೈಲ್ ಸಿಮ್ ಹಾಕುವ ರೌಟರ್‌ಗೆ ಬದಲಾಯಿಸಿ. ಮತ್ತೆ ರೌಟರ್‌ಗೆ ಯುಪಿಎಸ್ ಕೊಟ್ಟು ಸ್ವಿಚ್‌ಗೆ ಕೊಡುವುದನ್ನು ಮರೆಯಬೇಡಿ, ಇದು ಎಲ್ಲರೂ ಮಾಡುವ ತಪ್ಪು.

ಪ್ರಶ್ನೆ: ನೆಟ್‌ವರ್ಕ್ ಹಾಕಿಕೊಟ್ಟವರು ಈಗ ಫೋನ್ ಎತ್ತುತ್ತಿಲ್ಲ. ಯಾವ ಕೇಬಲ್ ಎಲ್ಲಿಗೆ ಹೋಗುತ್ತದೆ ಗೊತ್ತಿಲ್ಲ, ರೌಟರ್ ಪಾಸ್‌ವರ್ಡೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಒಂದು ದೊಡ್ಡ ಹಾಳೆ, ಪೆನ್ಸಿಲ್. ಹೊರಗಿನ ಲೈನ್ ಕಟ್ಟಡದೊಳಗೆ ಬರುವ ಜಾಗದಿಂದ ಶುರು ಮಾಡಿ ಒಂದೊಂದೇ ಡಬ್ಬಿ ಬರೆಯಿರಿ, ಒಂದರಿಂದ ಇನ್ನೊಂದಕ್ಕೆ ಗೆರೆ ಎಳೆಯಿರಿ. ಕೇಬಲ್ ಎಲ್ಲಿಗೆ ಹೋಗುತ್ತದೆ ಗೊತ್ತಾಗದಿದ್ದರೆ ಕೆಲಸ ಮುಗಿದ ಮೇಲೆ ಅದನ್ನು ಕಿತ್ತು ಯಾವ ಮೇಜಿನ ಕಂಪ್ಯೂಟರ್‌ನ ನೆಟ್‌ವರ್ಕ್ ದೀಪ ಆರುತ್ತದೆ ನೋಡಿ. ಗೊತ್ತಾದ ಕೂಡಲೇ ಎರಡೂ ತುದಿಗೆ ಒಂದೇ ನಂಬರಿನ ಚೀಟಿ ಅಂಟಿಸಿ. ಮೇಲೆ ಬಂದ ಪ್ರಶ್ನೆಗಳನ್ನು ನೋಡಿ, ಮೇಜಿನ ಕೆಳಗಿನ ಹಳೇ ಸ್ವಿಚ್, ಸುತ್ತಿಕೊಂಡ ಕೇಬಲ್, ಒಂದೇ ಕಂಬದ ಎರಡು ಲೈನ್, ಇವೆಲ್ಲಾ ಇಂಥ ಒಂದು ಹಾಳೆ ಇದ್ದಿದ್ದರೆ ಮೊದಲೇ ಕಣ್ಣಿಗೆ ಬೀಳುತ್ತಿದ್ದವು. ಚಿತ್ರ ಚೆನ್ನಾಗಿರಬೇಕಾಗಿಲ್ಲ. ಸ್ವಿಚ್ ಇರುವ ಪೆಟ್ಟಿಗೆಯ ಬಾಗಿಲಿನ ಒಳಗೆ ಅಂಟಿಸಿಡಿ. ಪಾಸ್‌ವರ್ಡ್ ಮಾತ್ರ ಅದರ ಮೇಲೆ ಬರೆಯಬೇಡಿ.

ರೌಟರ್ ಪಾಸ್‌ವರ್ಡ್ ಸಿಗದಿದ್ದರೆ ರೀಸೆಟ್ ಮಾಡಲೇಬೇಕಾಗುತ್ತದೆ. ಹಿಂದೆ ಸೂಜಿ ತೂರುವಷ್ಟು ತೂತು ಇರುತ್ತದೆ, ಹತ್ತು ಸೆಕೆಂಡ್ ಒತ್ತಿದರೆ ಎಲ್ಲಾ ಅಳಿಸಿಹೋಗುತ್ತದೆ, ಇಂಟರ್‌ನೆಟ್ ಕಂಪನಿ ಕೊಟ್ಟ ಯೂಸರ್‌ನೇಮ್ ಕೂಡ. ಆದ್ದರಿಂದ ಮೊದಲು ಕಂಪನಿಗೆ ಫೋನ್ ಮಾಡಿ ಆ ಯೂಸರ್‌ನೇಮ್, ಪಾಸ್‌ವರ್ಡ್, ಸ್ಟಾಟಿಕ್ (ಬದಲಾಗದ) ಐಪಿ ಇದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ಆಮೇಲೆ ಒತ್ತಿ, ಅದೂ ರಜೆಯ ಹಿಂದಿನ ಸಂಜೆ, ಎಲ್ಲರೂ ಮನೆಗೆ ಹೋದ ಮೇಲೆ.